ಚಿತ್ರ ಕಲಿತ ಯಂತ್ರ ಋಣ ತೀರಿಸಲಿ

ಜಪಾನಿನ ಘಿಬ್ಲಿ ಸ್ಟುಡಿಯೋ 2013ರಲ್ಲಿ ತೆರೆಗೆ ತಂದ ‘ದಿ ವಿಂಡ್ ರೈಸಸ್’ ಚಿತ್ರದಲ್ಲಿ ಜನಜಂಗುಳಿಯ ಒಂದು ದೃಶ್ಯವಿದೆ. ತೆರೆಯ ಮೇಲೆ ಅದು ಇರುವುದು ನಾಲ್ಕೇ ಸೆಕೆಂಡು. ಎಯ್ಜಿ ಯಾಮಾಮೋರಿ ಎಂಬ ಕಲಾವಿದರು ಅದನ್ನು ಕೈಯಲ್ಲಿ ಬರೆದು ಮುಗಿಸಲು ಒಂದು ವರ್ಷ ಮೂರು ತಿಂಗಳು ಹಿಡಿಯಿತು. ಗುಂಪು ಎಂದರೆ ಒಂದೇ ಮುದ್ದೆಯಲ್ಲ, ಅದರಲ್ಲಿರುವ ಒಬ್ಬೊಬ್ಬರೂ ಒಂದೊಂದು ಜೀವ ಎಂದು ನಂಬಿದವರು ಮಾತ್ರ ಇಷ್ಟು ದಿನ ಕೂತು ಬರೆಯಬಲ್ಲರು. 2025ರ ಮಾರ್ಚ್ 25ರಂದು ಓಪನ್‌ಎಐ ಕಂಪನಿ ತನ್ನ ಚಾಟ್‌ಜಿಪಿಟಿಗೆ ಚಿತ್ರ ರಚಿಸುವ ಹೊಸ ಸೌಲಭ್ಯ ಸೇರಿಸಿತು. ಫೋಟೊ ಹಾಕಿ ‘ಘಿಬ್ಲಿ ಶೈಲಿಯಲ್ಲಿ ಮಾಡಿಕೊಡು’ ಎಂದು ಟೈಪ್ ಮಾಡಿದರೆ ಸಾಕು, ಸ್ವಲ್ಪ ಹೊತ್ತಿನಲ್ಲಿ ಆ ಮೃದು ಬಣ್ಣ, ಆ ದುಂಡು ಮುಖ, ಆ ಹತ್ತಿಯಂಥ ಮೋಡ ಎಲ್ಲವೂ ಸಿದ್ಧ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲದರ ಫೋಟೊಗಳೂ ಹೀಗೆ ವೇಷ ಬದಲಿಸಿ ವಾಟ್ಸ್‌ಆ್ಯಪ್ ತುಂಬಿದವು. ಕೇಂದ್ರ ಸರ್ಕಾರದ ಮೈಗವ್ ಖಾತೆಯೂ ಪ್ರಧಾನಿಯ ಚಿತ್ರಗಳನ್ನು ಅದೇ ಶೈಲಿಯಲ್ಲಿ ಹಂಚಿತು. ಹತ್ತು ದಿನ ತುಂಬುವ ಮೊದಲೇ 13 ಕೋಟಿಗೂ ಹೆಚ್ಚು ಜನ 70 ಕೋಟಿಗೂ ಹೆಚ್ಚು ಚಿತ್ರ ಮಾಡಿಸಿಕೊಂಡರೆಂದೂ, ತನ್ನ ಮಾರುಕಟ್ಟೆಗಳಲ್ಲಿ ಭಾರತವೇ ಅತಿ ವೇಗವಾಗಿ ಬೆಳೆಯುತ್ತಿದೆಯೆಂದೂ ಕಂಪನಿ ಹೇಳಿಕೊಂಡಿತು. ಅಷ್ಟೂ ಚಿತ್ರಗಳು ಘಿಬ್ಲಿ ಶೈಲಿಯವಲ್ಲ, ನಿಜ. ಆದರೆ ಆ ದಿನಗಳಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು, ಕಂಪನಿಯ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಆ ಶೈಲಿಯೇ.

ಚಿತ್ರ ಮಾಡಿಸಿಕೊಂಡ ಜನರನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಚೆಂದವಾದದ್ದು ಎದುರಿಗೆ ಬಂದರೆ ತಮ್ಮವರನ್ನು ಅದರಲ್ಲಿ ಕಾಣಬೇಕೆಂಬ ಆಸೆ ಎಲ್ಲರಲ್ಲೂ ಹುಟ್ಟುತ್ತದೆ. ಯಂತ್ರ ಬರೆದದ್ದು ಕಲೆಯೋ ಅಲ್ಲವೋ ಎಂಬ ಚರ್ಚೆಯನ್ನೂ ಸದ್ಯಕ್ಕೆ ಬದಿಗಿಡಬಹುದು. ಅದಕ್ಕೆ ಉತ್ತರ ಹೇಳಲು ಕಾಲವಿದೆ. ಈಗಲೇ ಕೇಳಬೇಕಾದದ್ದು ಲೆಕ್ಕದ ಪ್ರಶ್ನೆ. ಯಂತ್ರಕ್ಕೆ ಈ ವಿದ್ಯೆ ಬಂದದ್ದು ಎಲ್ಲಿಂದ? ಕಲಿಸಿದವರಿಗೆ ಸಂದದ್ದೇನು? ನಮ್ಮಲ್ಲಿ ವಿದ್ಯೆಗೆ ಯಾವತ್ತೂ ಋಣವೆಂಬುದಿದೆ. ಕಮ್ಮಾರಸಾಲೆಯಲ್ಲಾಗಲಿ, ಯಕ್ಷಗಾನದ ಚೌಕಿಯಲ್ಲಾಗಲಿ, ಸಂಗೀತಗಾರರ ಮನೆಯಲ್ಲಾಗಲಿ ಕಲಿತವನು ಮೂರು ಕೆಲಸ ಮಾಡುತ್ತಿದ್ದ: ಕಲಿಯಲು ಅಪ್ಪಣೆ ಕೇಳುತ್ತಿದ್ದ, ಕಲಿಸಿದವರ ಹೆಸರು ಹೇಳುತ್ತಿದ್ದ, ಗಳಿಕೆ ಬಂದಾಗ ಯಾವುದೋ ರೂಪದಲ್ಲಿ ಪಾಲು ಸಲ್ಲಿಸುತ್ತಿದ್ದ. ಆ ವ್ಯವಸ್ಥೆಯಲ್ಲಿ ಜಾತಿಯ ಗೋಡೆಗಳಿದ್ದವು, ಗುರುವಿನ ದಬ್ಬಾಳಿಕೆಯೂ ಇತ್ತು. ಅವುಗಳನ್ನು ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಪಡೆದದ್ದಕ್ಕೆ ತಿರುಗಿ ಸಲ್ಲಿಸಬೇಕೆಂಬ ತತ್ವ ಬಿಡತಕ್ಕದ್ದಲ್ಲ. ಇಂದಿನ ಚಿತ್ರಯಂತ್ರಗಳ ಮೂಲದೋಷ ಅವು ಚಿತ್ರ ಬರೆಯುತ್ತವೆ ಎಂಬುದರಲ್ಲಿ ಇಲ್ಲ. ಅವುಗಳ ಒಡೆಯರು ಕೇಳದೆ ಪಡೆದರು, ಹೆಸರು ಅಳಿಸಿದರು, ಪಾಲು ಕೊಡಲಿಲ್ಲ. ಈ ಮೂರೂ ಸರಿಪಡಿಸಲಾಗದ ತಪ್ಪುಗಳಲ್ಲ. ಆದ್ದರಿಂದಲೇ ಸರಿಪಡಿಸಿ ಎಂದು ಒತ್ತಾಯಿಸುವುದು ನ್ಯಾಯ.

ಯಂತ್ರ ಕಲಿಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಋಣದ ಗಾತ್ರ ತಿಳಿಯುತ್ತದೆ. 2022ರ ಆಗಸ್ಟ್‌ನಲ್ಲಿ ಸಾರ್ವಜನಿಕರಿಗೆ ಸಿಕ್ಕ ‘ಸ್ಟೇಬಲ್ ಡಿಫ್ಯೂಷನ್’ ಎಂಬ ಯಂತ್ರಕ್ಕೆ ಪಾಠವಾದದ್ದು ಜರ್ಮನಿಯ ‘ಲಯಾನ್’ ಸಂಸ್ಥೆ ಜೋಡಿಸಿದ ಸಂಗ್ರಹ. ಅದರ ದೊಡ್ಡ ಆವೃತ್ತಿಯಲ್ಲಿ 585 ಕೋಟಿ ಜೋಡಿಗಳಿದ್ದವು. ಜೋಡಿ ಎಂದರೆ ಅಂತರ್ಜಾಲದಲ್ಲಿ ಯಾರೋ ಹಾಕಿದ ಒಂದು ಚಿತ್ರದ ಕೊಂಡಿ, ಅದರ ಜೊತೆಗೆ ಆ ಚಿತ್ರದ ಬಗ್ಗೆ ಯಾರೋ ಬರೆದಿಟ್ಟ ಒಂದೆರಡು ಸಾಲು. ಯಂತ್ರಕ್ಕೆ ಚಿತ್ರವನ್ನು ತೋರಿಸಿ, ಅದರ ಮೇಲೆ ಸ್ವಲ್ಪಸ್ವಲ್ಪವೇ ಚುಕ್ಕೆಗಳ ಧೂಳು ಎರಚುತ್ತಾರೆ. ಕೊನೆಗೆ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣುವ ಗದ್ದಲವಷ್ಟೇ ಉಳಿಯುತ್ತದೆ. ಆ ಧೂಳನ್ನು ಕಳೆದು ಚಿತ್ರವನ್ನು ಮರಳಿ ತೆಗೆಯುವುದೇ ಯಂತ್ರದ ಅಭ್ಯಾಸ. ಕೋಟಿಗಟ್ಟಲೆ ಸಲ ಹೀಗೆ ಮಾಡಿದ ಮೇಲೆ, ಯಾವ ಮಾತಿಗೆ ಯಾವ ಆಕಾರ, ಯಾವ ಹೆಸರಿಗೆ ಯಾವ ಬಣ್ಣ ಎಂಬ ಸಂಬಂಧ ಅದರೊಳಗೆ ಅಂಕಿಗಳಾಗಿ ನೆಲೆಗೊಳ್ಳುತ್ತದೆ. ಆಮೇಲೆ ಬರೀ ಧೂಳನ್ನೂ ನಾಲ್ಕು ಮಾತನ್ನೂ ಕೊಟ್ಟರೆ ಅದು ಹೊಸ ಚಿತ್ರವನ್ನು ಹೊರತೆಗೆಯುತ್ತದೆ. ಇದು ಅಚ್ಚರಿಯ ಗಣಿತ, ಇದನ್ನು ಕಟ್ಟಿದವರ ಬುದ್ಧಿ ದೊಡ್ಡದು. ಆದರೆ ಆ ಗಣಿತಕ್ಕೆ ತಾನಾಗಿ ಏನೂ ಕಾಣದು. ಬೆಳಕು ಮುಖದ ಮೇಲೆ ಹೇಗೆ ಬೀಳುತ್ತದೆ, ಮುದುಕಿಯ ಕೈ ಹೇಗೆ ಸುಕ್ಕಾಗುತ್ತದೆ ಎಂಬುದನ್ನು ಕಂಡು ಕಾಗದಕ್ಕೆ ಇಳಿಸಿದವರು ಮನುಷ್ಯರು. ಆ ಕೆಲಸವನ್ನು ತೆಗೆದುಬಿಟ್ಟರೆ ಯಂತ್ರದಲ್ಲಿ ಉಳಿಯುವುದು ಧೂಳು ಮಾತ್ರ.

ಪೋಲೆಂಡಿನ ಗ್ರೆಗ್ ರುಟ್ಕೋವ್ಸ್ಕಿ ಎಂಬ ಕಲಾವಿದರಿಗೆ ಆದದ್ದು ಈ ಮಾತಿಗೆ ಸಾಕ್ಷಿ. ಡ್ರ್ಯಾಗನ್, ಕೋಟೆ, ಯೋಧರ ಭವ್ಯ ದೃಶ್ಯಗಳನ್ನು ಗೇಮ್‌ಗಳಿಗಾಗಿ ಬರೆದು ಬದುಕುವವರು ಅವರು. ತಮ್ಮ ಚಿತ್ರಗಳ ಜೊತೆ ಅವುಗಳ ವಿವರಣೆಯನ್ನೂ ಶ್ರದ್ಧೆಯಿಂದ ಅಂತರ್ಜಾಲದಲ್ಲಿ ಹಾಕುತ್ತಿದ್ದರು. ಆ ಶ್ರದ್ಧೆಯೇ ಅವರಿಗೆ ಮುಳುವಾಯಿತು: ಚಿತ್ರದ ಜೊತೆ ಮಾತೂ ಇದ್ದುದರಿಂದ ಯಂತ್ರ ಅವರನ್ನು ಬಹಳ ಚೆನ್ನಾಗಿ ಕಲಿಯಿತು. 2022ರ ಸೆಪ್ಟೆಂಬರ್‌ನಲ್ಲಿ ‘ಎಂಐಟಿ ಟೆಕ್ನಾಲಜಿ ರಿವ್ಯೂ’ ವರದಿ ಮಾಡಿದಾಗ, ಒಂದೇ ಜಾಲತಾಣದ ಲೆಕ್ಕದಲ್ಲಿ ಯಂತ್ರಕ್ಕೆ ಬರೆದುಕೊಡುವ ಸೂಚನೆಯಲ್ಲಿ (ಪ್ರಾಂಪ್ಟ್) ಅವರ ಹೆಸರನ್ನು ಬಳಸಿದ್ದು ಸುಮಾರು 93,000 ಸಲ. ಪಿಕಾಸೊ ಹೆಸರು ಬಂದದ್ದು ಸುಮಾರು 2,000 ಸಲ. ಅವರ ಹೆಸರು ಹುಡುಕಿದವರಿಗೆ ಅವರದಲ್ಲದ ಚಿತ್ರಗಳೇ ಎದುರಾಗತೊಡಗಿದವು. ಅದೇ ವರ್ಷದ ಕೊನೆಗೆ ಬಂದ ಮುಂದಿನ ಆವೃತ್ತಿಯಲ್ಲಿ ಅವರ ಶೈಲಿ ಸುಲಭವಾಗಿ ಸಿಗದಂತಾದಾಗ, ಕೆಲವು ಬಳಕೆದಾರರು ಅವರ ಶೈಲಿಯನ್ನು ಕಲಿಸುವ ಪ್ರತ್ಯೇಕ ಜೋಡಣೆಯೊಂದನ್ನು ತಾವೇ ತಯಾರಿಸಿ ಹಂಚಿದರು. ಬೇಡ ಎಂದು ಬಾಯಿಬಿಟ್ಟು ಹೇಳಿದ ಮೇಲೂ ಹೀಗಾಯಿತು. ಕಲಾವಿದನೊಬ್ಬನ ಬದುಕಿನ ಗಳಿಕೆ ಅವನ ಹೆಸರು. ಹೆಸರಿಗೆ ಕೆಲಸ ಬರುತ್ತದೆ, ಕೆಲಸಕ್ಕೆ ಅನ್ನ ಬರುತ್ತದೆ. ಇಲ್ಲಿ ಆ ಹೆಸರು ಇನ್ನೊಬ್ಬರು ತಿರುಗಿಸುವ ಗುಂಡಿಯಾಯಿತು.

ಋಣ ತೀರಿಸಬೇಕೆಂಬ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಮನುಷ್ಯ ಕಲಾವಿದರೂ ನೋಡಿಯೇ ಕಲಿಯುತ್ತಾರಲ್ಲ? ಮೈಸೂರಿನ ‘ಕಾವಾ’ ಕಲಾಶಾಲೆಯಲ್ಲಿ ಓದುವ ವಿದ್ಯಾರ್ಥಿ ಹಿರಿಯರ ಚಿತ್ರ ನೋಡಿ ನಕಲು ಮಾಡುವಾಗ ಯಾರಿಗೆ ರಾಯಧನ ಕೊಡುತ್ತಾನೆ? ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಏಕೆಂದರೆ ಆ ವಿದ್ಯಾರ್ಥಿ ಕಲಿತದ್ದು ಕಲೆಯ ಲೋಕಕ್ಕೇ ಮರಳುತ್ತದೆ. ಅವನು ನಾಳೆ ಇನ್ನೊಬ್ಬರಿಗೆ ಕಲಿಸುತ್ತಾನೆ, ಇತರರ ಪ್ರದರ್ಶನಕ್ಕೆ ಹೋಗುತ್ತಾನೆ, ಅವನ ಕೈಯ ಮಿತಿಯೇ ಅವನದೊಂದು ಹೊಸ ರೇಖೆಯಾಗುತ್ತದೆ. ಮೇಲಾಗಿ ಪ್ರಮಾಣದ ಪ್ರಶ್ನೆಯಿದೆ. 585 ಕೋಟಿ ಚಿತ್ರಗಳನ್ನು ಸೆಕೆಂಡಿಗೊಂದರಂತೆ, ನಿದ್ದೆಯಿಲ್ಲದೆ ನೋಡಿದರೂ ಮನುಷ್ಯನಿಗೆ 185 ವರ್ಷ ಬೇಕು. ಪ್ರಮಾಣ ಬದಲಾದರೆ ನ್ಯಾಯವೂ ಬದಲಾಗುತ್ತದೆ ಎಂಬುದು ನಮ್ಮ ಕರಾವಳಿಗೆ ಹೊಸ ಮಾತಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಗೆ ಆ ನಿಷೇಧವಿಲ್ಲ. ಎರಡೂ ಮಾಡುವುದು ಮೀನು ಹಿಡಿಯುವುದನ್ನೇ. ಆದರೆ ನಾಡದೋಣಿ ತುಂಬಿಕೊಂಡ ಮೇಲೂ ಕಡಲಿನಲ್ಲಿ ಮರಿಗಳು ಉಳಿಯುತ್ತವೆ, ಟ್ರಾಲ್ ಬಲೆ ತಳವನ್ನೇ ಗುಡಿಸುತ್ತದೆ. ಕಡಲು ಎಲ್ಲರದೂ ಎಂಬ ಕಾರಣಕ್ಕೇ ಅದನ್ನು ಗುಡಿಸುವವರಿಗೆ ನಿಯಮ ಬೇಕಾಯಿತು. ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ ಚಿತ್ರಗಳ ಮಾತೂ ಅದೇ.

ಎರಡನೆಯ ಆಕ್ಷೇಪ ಕಾನೂನಿನದು. ಶೈಲಿ ಯಾರ ಸ್ವತ್ತೂ ಅಲ್ಲ. ಹಕ್ಕುಸ್ವಾಮ್ಯ ಕಾಯುವುದು ನಿರ್ದಿಷ್ಟ ಕೃತಿಯನ್ನು ಮಾತ್ರ. ಈ ಮಾತು ಸರಿ, ಸರಿಯಾಗಿಯೇ ಉಳಿಯಲಿ. ಶೈಲಿಗೆ ಬೇಲಿ ಹಾಕಿದರೆ ನಾಳೆ ಬಡ ಕಲಾವಿದನ ಮೇಲೆ ದೊಡ್ಡ ಸ್ಟುಡಿಯೋಗಳೇ ದಾವೆ ಹೂಡುತ್ತವೆ. ಆದರೆ ನಮ್ಮ ತಕರಾರು ಯಂತ್ರದಿಂದ ಹೊರಬಂದ ಶೈಲಿಯ ಬಗ್ಗೆ ಅಲ್ಲ, ಒಳಗೆ ಹಾಕಿದ ಕೃತಿಗಳ ಬಗ್ಗೆ. ಶೈಲಿ ಕಲಿಯಲು ಯಂತ್ರಕ್ಕೆ ನಿಜವಾದ ಕೃತಿಗಳೇ ಬೇಕು, ಅವುಗಳನ್ನು ನಕಲು ಮಾಡಿ ಉಣಿಸಿಯೇ ಆಗಬೇಕು. ಫೋಟೊ ಮಾರುವ ಗೆಟ್ಟಿ ಇಮೇಜಸ್ ಕಂಪನಿ ಸ್ಟೇಬಲ್ ಡಿಫ್ಯೂಷನ್ ತಯಾರಿಸಿದ ಕಂಪನಿಯ ಮೇಲೆ ಲಂಡನ್ನಿನಲ್ಲಿ ಹೂಡಿದ್ದ ದಾವೆಯಲ್ಲಿ 2025ರ ನವೆಂಬರ್ 4ರಂದು ತೀರ್ಪು ಬಂತು. ಯಂತ್ರದೊಳಗೆ ಚಿತ್ರಗಳ ಪ್ರತಿ ಕೂತಿಲ್ಲ, ಆದ್ದರಿಂದ ಯಂತ್ರವೇ ಒಂದು ಅಕ್ರಮ ಪ್ರತಿಯಲ್ಲ ಎಂದು ನ್ಯಾಯಾಲಯ ಹೇಳಿತು. ಗೆಟ್ಟಿಗೆ ಇದು ಬಹುಮಟ್ಟಿಗೆ ಸೋಲು. ತರಬೇತಿ ಬ್ರಿಟನ್ನಿನ ನೆಲದಲ್ಲಿ ನಡೆಯಿತೆಂಬುದಕ್ಕೆ ಸಾಕ್ಷ್ಯ ಸಿಗದೆ, ಕದ್ದು ಕಲಿಸಿದರೆಂಬ ಮುಖ್ಯ ಆರೋಪವನ್ನು ಗೆಟ್ಟಿ ನಡುವೆಯೇ ಕೈಬಿಟ್ಟಿತ್ತು. ಆದರೆ ಯಂತ್ರ ಬರೆದ ಕೆಲವು ಚಿತ್ರಗಳಲ್ಲಿ ಗೆಟ್ಟಿಯ ಗುರುತು ಮಸುಕು ಮಸುಕಾಗಿ ಮೂಡಿದ್ದನ್ನು ನ್ಯಾಯಾಲಯವೂ ಟ್ರೇಡ್‌ಮಾರ್ಕ್ ಉಲ್ಲಂಘನೆ ಎಂದು ಒಪ್ಪಿತು. ದನದ ಮೈಮೇಲೆ ಹಳೆಯ ಒಡೆಯನ ಬರೆ ಹಾಗೇ ಉಳಿದಂತೆ ಅದು. ನ್ಯಾಯಾಲಯ ಕಾಯಿದೆಯ ಪದಗಳ ಒಳಗೆ ನಿಂತು ನೋಡುತ್ತದೆ, ನೋಡಬೇಕಾದದ್ದೂ ಹಾಗೆಯೇ. ಈ ಕಾಯಿದೆಗಳನ್ನು ಬರೆದಾಗ ಇಂಥ ಯಂತ್ರವೇ ಇರಲಿಲ್ಲ. ಕಾಯಿದೆ ತಡೆಯಲಿಲ್ಲ ಎಂದಮಾತ್ರಕ್ಕೆ ಮಾಡಿದ್ದು ಸರಿಯಾಗುವುದಿಲ್ಲ.

ಕೇಳದೆ ಪಡೆಯುವುದರಿಂದ ಹಣ ಮಾತ್ರ ನಷ್ಟವಾಗುತ್ತದೆ ಎಂದುಕೊಂಡರೆ ಅದೂ ತಪ್ಪು. ಘಿಬ್ಲಿ ಅಲೆ ಎದ್ದ ಅದೇ ವಾರ ಅಮೆರಿಕದ ಶ್ವೇತಭವನದ ಅಧಿಕೃತ ಖಾತೆ, ಗಡೀಪಾರಿಗಾಗಿ ಬಂಧಿತಳಾಗಿ ಅಳುತ್ತಿದ್ದ ಮಹಿಳೆಯೊಬ್ಬಳನ್ನು ಆ ಮುದ್ದು ಶೈಲಿಯ ಚಿತ್ರವಾಗಿಸಿ ಪ್ರಕಟಿಸಿತು. ಯುದ್ಧದ ಕ್ರೌರ್ಯವನ್ನೂ ದುರ್ಬಲರ ಸಂಕಟವನ್ನೂ ದಶಕಗಳಿಂದ ಮರುಕದಿಂದ ಬರೆದ ಸ್ಟುಡಿಯೋದ ರೇಖೆಗಳು ಒಬ್ಬ ನಿಸ್ಸಹಾಯಕಳನ್ನು ಜಗತ್ತಿನೆದುರು ಹೀಯಾಳಿಸಲು ಬಳಕೆಯಾದವು. ತಮ್ಮ ಕೆಲಸ ಎಲ್ಲಿ ಬಳಕೆಯಾಗಬೇಕು, ಎಲ್ಲಿ ಆಗಬಾರದು ಎಂದು ಹೇಳುವ ಅಧಿಕಾರವನ್ನು ಕಲಾವಿದರು ಹಣಕ್ಕಿಂತ ಹೆಚ್ಚಾಗಿ ಕಾಪಾಡಿಕೊಳ್ಳುವುದು ಇದಕ್ಕಾಗಿ. ಘಿಬ್ಲಿಯೂ ಸೇರಿದಂತೆ ಜಪಾನಿನ ಪ್ರಕಾಶಕರು ಮತ್ತು ಸ್ಟುಡಿಯೋಗಳನ್ನು ಪ್ರತಿನಿಧಿಸುವ ಕೋಡಾ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಓಪನ್‌ಎಐಗೆ ಪತ್ರ ಬರೆದು, ತಮ್ಮ ಸದಸ್ಯರ ಕೃತಿಗಳನ್ನು ಒಪ್ಪಿಗೆಯಿಲ್ಲದೆ ತರಬೇತಿಗೆ ಬಳಸಬೇಡಿ ಎಂದಿತು. ಬೇಡವೆಂದವರನ್ನು ಆಮೇಲೆ ಬಿಡುತ್ತೇವೆ ಎಂಬ ಉತ್ತರ ಸಾಲದು, ಮೊದಲೇ ಕೇಳಬೇಕು ಎಂಬುದು ಅವರ ವಾದ. ತೋಟಕ್ಕೆ ನುಗ್ಗಿ ಕಾಯಿ ಇಳಿಸಿದ ಮೇಲೆ, ಬೇಡವಾಗಿದ್ದರೆ ಹೇಳಬೇಕಿತ್ತು ಎಂದರೆ ಯಾವ ರೈತ ಒಪ್ಪಿಯಾನು?

ಮೂರನೆಯ ಆಕ್ಷೇಪ ಇತಿಹಾಸದ್ದು. ಹೊಸ ತಂತ್ರ ಬಂದಾಗಲೆಲ್ಲ ಕಲಾವಿದರು ಹೆದರಿದ್ದಾರೆ, ಆಮೇಲೆ ಹೊಂದಿಕೊಂಡಿದ್ದಾರೆ. ಫೋಟೊಗ್ರಫಿ ಬಂದರೂ ಚಿತ್ರಕಲೆ ಸಾಯಲಿಲ್ಲ. ಸರಿ, ನಮ್ಮ ಮನೆಗಳ ದೇವರ ಗೂಡಿನಲ್ಲೇ ಇರುವ ಉದಾಹರಣೆ ನೋಡೋಣ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಬಣ್ಣದ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಅರಮನೆಗಳಲ್ಲಿದ್ದ ಲಕ್ಷ್ಮಿ, ಸರಸ್ವತಿಯರು ಬಡವರ ಗೋಡೆಗೂ ಬಂದರು. ದೇವಸ್ಥಾನದ ಬಾಗಿಲು ಮುಚ್ಚಿದ್ದ ಜನರಿಗೂ ದೇವರ ಮುಖ ಕಂಡಿತು. ಅದು ದೊಡ್ಡ ತಾಂತ್ರಿಕ ಬದಲಾವಣೆ. ಆದರೆ ಮುದ್ರಣಾಲಯ ರವಿವರ್ಮರದ್ದೇ, ಚಿತ್ರಗಳೂ ಅವರದ್ದೇ. ಮುಂದೆ ಅದನ್ನು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಅವರಿಗೆ ಮಾರಿದಾಗ ಚಿತ್ರಗಳನ್ನು ಮುದ್ರಿಸುವ ಹಕ್ಕನ್ನೂ ಬೆಲೆ ಕಟ್ಟಿ ಬರೆದುಕೊಟ್ಟರು. ಯಂತ್ರ ಬಂತು, ಲೆಕ್ಕ ಕಡಿಯಲಿಲ್ಲ. ಇನ್ನೂ ಹತ್ತಿರದ ಉದಾಹರಣೆ ಫ್ಲೆಕ್ಸ್. ಅಂಗಡಿ ಬೋರ್ಡು, ಸಿನಿಮಾ ಕಟೌಟು ಬರೆಯುತ್ತಿದ್ದ ನೂರಾರು ಕೈಗಳನ್ನು ಫ್ಲೆಕ್ಸ್ ಮುದ್ರಣ ಕೆಲವೇ ವರ್ಷಗಳಲ್ಲಿ ಬರಿಗೈ ಮಾಡಿತು. ಅದು ನೋವಿನ ಸಂಗತಿ; ಆದರೂ ಫ್ಲೆಕ್ಸ್ ಯಂತ್ರ ಆ ಬೋರ್ಡು ಕಲಾವಿದರ ಅಕ್ಷರಗಳನ್ನೇ ಹೊತ್ತೊಯ್ದು ಅವರ ಎದುರು ಮಾರಲಿಲ್ಲ. ಚಿತ್ರಯಂತ್ರ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಕಲಾವಿದನ ಕೆಲಸದಿಂದಲೇ ಕಲಿತು, ಅದೇ ಕಲಾವಿದನ ಗಿರಾಕಿಯ ಮನೆ ಬಾಗಿಲಿಗೆ ಹೋಗಿ ಕಡಿಮೆ ಬೆಲೆ ಕೂಗುತ್ತದೆ. ಹಳೆಯ ತಂತ್ರಗಳ ಸಾಲಿನಲ್ಲಿ ಇದನ್ನು ನಿಲ್ಲಿಸಲಾಗದು ಎನ್ನುವುದು ಈ ಕಾರಣಕ್ಕೆ.

ಕೆಲಸ ಹೋಗುವುದರ ಇನ್ನೊಂದು ಪರಿಣಾಮ ನಿಧಾನವಾಗಿ ಕಾಣುತ್ತದೆ. ದೊಡ್ಡ ಕಲಾವಿದರು ಯಾರೂ ಮೊದಲ ದಿನವೇ ಗ್ಯಾಲರಿ ಹತ್ತುವುದಿಲ್ಲ. ಎಂ.ಎಫ್. ಹುಸೇನ್ ಮುಂಬೈಯಲ್ಲಿ ವರ್ಷಗಟ್ಟಲೆ ಸಿನಿಮಾ ಹೋರ್ಡಿಂಗ್ ಬರೆದರು. ಚಂದ್ರನಾಥ ಆಚಾರ್ಯರು ಕನ್ನಡ ಪತ್ರಿಕೆಗಳ ಕಥೆ, ಧಾರಾವಾಹಿಗಳಿಗೆ ಚಿತ್ರ ಬರೆದ ಕಲಾವಿದರು. ‘ಚಂದಮಾಮ’ದ ಪುಟಗಳಲ್ಲಿ ಎಂ.ಟಿ.ವಿ. ಆಚಾರ್ಯ, ಶಂಕರ್ ಮುಂತಾದವರು ಬರೆದ ಭೀಮ, ಬೇತಾಳರೇ ನಮ್ಮ ಹಲವು ತಲೆಮಾರುಗಳ ಕಣ್ಣಲ್ಲಿ ಇಂದಿಗೂ ಇರುವವರು. ಗಡುವಿನೊಳಗೆ ಬರೆಯುವುದು, ಕಥೆಯನ್ನು ಓದಿ ಅದರ ಯಾವ ಗಳಿಗೆ ಚಿತ್ರವಾಗಬೇಕೆಂದು ಆರಿಸುವುದು, ಸಂಪಾದಕರ ಮಾತು ಕೇಳಿ ತಿದ್ದುವುದು, ಇವನ್ನೆಲ್ಲ ಕಲಾವಿದ ಕಲಿಯುವುದು ಇಂಥ ಸಣ್ಣ ಕೆಲಸಗಳಲ್ಲಿ. ತಿಂಗಳ ಬಾಡಿಗೆ ಹುಟ್ಟುವುದೂ ಅವುಗಳಿಂದಲೇ. ಯಂತ್ರ ಮೊದಲು ಕಬಳಿಸುವುದು ಈ ಕೆಲಸಗಳನ್ನು. ಬ್ರಿಟನ್ನಿನ ಲೇಖಕರ ಸಂಘ 2024ರಲ್ಲಿ ತನ್ನ ಸದಸ್ಯರನ್ನು ವಿಚಾರಿಸಿದಾಗ ಚಿತ್ರಕಾರರಲ್ಲಿ ಶೇ 26ರಷ್ಟು ಮಂದಿ ಈಗಾಗಲೇ ಕೆಲಸ ಕಳೆದುಕೊಂಡಿದ್ದೇವೆ ಎಂದರು. ಇಲ್ಲಿ ಪುಸ್ತಕದ ಮುಖಪುಟ, ಆಮಂತ್ರಣ ಪತ್ರಿಕೆ, ಜಾತ್ರೆಯ ಪೋಸ್ಟರ್‌ಗಳನ್ನು ನೋಡುವವರಿಗೆ ಅಂಕಿ ಅಂಶದ ಅಗತ್ಯವಿಲ್ಲ. ಏಣಿಯ ಕೆಳಗಿನ ಮೆಟ್ಟಿಲು ಮುರಿದರೆ ಮೇಲಿನ ಅಟ್ಟಕ್ಕೆ ಯಾರೂ ಏರಲಾರರು. ಆಮೇಲೆ ಯಂತ್ರಕ್ಕೂ ಕಲಿಯಲು ಹೊಸದೇನೂ ಸಿಗದು. ಬಿತ್ತನೆಯ ಭತ್ತವನ್ನೇ ಕುಟ್ಟಿ ಅನ್ನ ಮಾಡಿದ ಮನೆಯ ಕತೆ ಅದು. ಒಂದು ಹಬ್ಬ ಚೆನ್ನಾಗಿ ಆಗುತ್ತದೆ, ಮುಂದಿನ ಮಳೆಗಾಲಕ್ಕೆ ಬಿತ್ತಲು ಬೀಜವಿರುವುದಿಲ್ಲ.

ಎಲ್ಲ ಆಕ್ಷೇಪಗಳಲ್ಲಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಬೇಕಾದದ್ದು ಮುಂದಿನದು. ಕಲಾಶಾಲೆಯ ಮೆಟ್ಟಿಲು ಹತ್ತಲಾಗದವರಿಗೆ, ಬಣ್ಣ ಕೊಳ್ಳಲು ದುಡ್ಡಿಲ್ಲದವರಿಗೆ, ಕೈ ಸ್ವಾಧೀನವಿಲ್ಲದವರಿಗೆ ಈ ಯಂತ್ರ ಚಿತ್ರದ ಭಾಷೆಯನ್ನು ಕೊಟ್ಟಿದೆ, ಅದನ್ನು ಕಸಿಯುತ್ತೀರಾ? 2025ರಲ್ಲಿ ಎಐ ಉಪಕರಣಗಳಿಂದಲೇ ಮಾಡಿದ ‘ಲವ್ ಯು’ ಎಂಬ ಕನ್ನಡ ಚಿತ್ರ ಸೆನ್ಸಾರ್ ಪ್ರಮಾಣಪತ್ರ ಪಡೆಯಿತು, ವೆಚ್ಚ ಸುಮಾರು 10 ಲಕ್ಷ ರೂಪಾಯಿ ಎಂದು ತಯಾರಕರು ಹೇಳಿದರು. ಕೋಟಿಗಳಿಲ್ಲದೆ ಸಿನಿಮಾದ ಕನಸು ಕಾಣಲಾಗದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಹಳ್ಳಿ ಶಾಲೆಯ ಶಿಕ್ಷಕಿಯೊಬ್ಬರು ಪಾಠಕ್ಕೆ ಬೇಕಾದ ಚಿತ್ರವನ್ನು ತಾವೇ ಮಾಡಿಕೊಳ್ಳುವುದಾದರೆ ಅದು ಸಂತೋಷದ ವಿಷಯವೇ. ಆದರೆ ಅಗ್ಗವಾಗಿ ಸಿಗಬೇಕೆಂಬ ಒಳ್ಳೆಯ ಉದ್ದೇಶದ ಹೊರೆಯನ್ನು ಯಾರು ಹೊರಬೇಕು? ಅಗ್ಗದ ಅಕ್ಕಿ ಬೇಕೆಂದು ಸರ್ಕಾರ ರೈತನ ಕಣದಿಂದ ಭತ್ತವನ್ನು ಎತ್ತಿಕೊಂಡು ಹೋಗುವುದಿಲ್ಲ. ಬೆಲೆ ಕೊಟ್ಟು ಕೊಂಡು ಆಮೇಲೆ ಹಂಚುತ್ತದೆ. ಇಲ್ಲಿ ಸಾವಿರಾರು ಕೋಟಿ ಬೆಲೆಯ ಕಂಪನಿಗಳು ಚಿತ್ರಕಾರರ ಕಣದಿಂದ ಎತ್ತಿಕೊಂಡು, ಜನರಿಗೆ ದಾನ ಮಾಡಿದ ಹೆಸರು ಪಡೆಯುತ್ತಿವೆ, ತಿಂಗಳ ಚಂದಾ ಹಣವನ್ನೂ ಪಡೆಯುತ್ತಿವೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆ ಹುಟ್ಟಿದ್ದು ಇಂಥ ಔದಾರ್ಯವನ್ನು ಕಂಡೇ. ಬಳಕೆದಾರರ ಕೈಯಿಂದ ಉಪಕರಣ ಕಸಿಯಬೇಕಿಲ್ಲ. ಮಾರುವವರು ಕಚ್ಚಾವಸ್ತುವಿನ ಬೆಲೆ ಕೊಡಬೇಕು, ಅಷ್ಟೆ.

ಹೆಸರಿರುವ ಕಲಾವಿದರಾದರೂ ಕೋರ್ಟಿಗೆ ಹೋಗಬಹುದು. ಹೆಸರೇ ಇಲ್ಲದ ಕಲೆಯ ಗತಿಯೇನು? ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆಗೋಡೆ ಚಿತ್ತಾರವನ್ನು ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅರೆದ ಅಕ್ಕಿಯ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಕೂದಲೆಳೆಯಂಥ ಗೆರೆಗಳನ್ನು ಅಳತೆಗೋಲಿಲ್ಲದೆ, ಉಸಿರು ಹಿಡಿದು ಎಳೆಯುತ್ತಾರೆ. ಭತ್ತದ ತೆನೆ, ತೇರು, ದಂಡಿಗೆ ಎಲ್ಲಕ್ಕೂ ಮದುವೆಯ ಮನೆಯಲ್ಲಿ ಒಂದು ಅರ್ಥವಿದೆ. ಅಮ್ಮನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಈ ಗೆರೆಗಳಿಗೆ ಯಾರೂ ಸಹಿ ಹಾಕಲಿಲ್ಲ. ಹೀಗೆ ತಲೆಮಾರುಗಳಿಂದ ಬಂದ, ಇಂಥವರದೇ ಎನ್ನಲಾಗದ ಗೆರೆಗೆ ಹಕ್ಕುಸ್ವಾಮ್ಯ ದಕ್ಕುವುದೂ ಕಷ್ಟ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಗುರುತಿನ ರಕ್ಷೆಯಿದೆ. ಆದರೆ ಆ ರಕ್ಷೆ ಬೇರೆಯವರು ಆ ಹೆಸರಿನಲ್ಲಿ ಮಾಲು ಮಾರುವುದನ್ನು ತಡೆಯುತ್ತದೆ, ಯಂತ್ರ ಆ ರೀತಿಯನ್ನು ಕಲಿಯುವುದನ್ನು ತಡೆಯಲಾರದು. ಸೀರೆಯಂಚಿಗೆ, ಹೋಟೆಲ್ ಗೋಡೆಗೆ ಯಂತ್ರದ ‘ಚಿತ್ತಾರ’ ಮುದ್ರಿಸಿಕೊಳ್ಳುವ ದಿನ ದೂರವಿಲ್ಲ. ಆ ಚಿತ್ರದಲ್ಲಿ ತೇರಿರುತ್ತದೆ, ತೆನೆಯಿರುತ್ತದೆ. ಯಾವುದು ಏಕೆ ಅಲ್ಲಿದೆ ಎಂಬುದು ಮಾತ್ರ ಇರುವುದಿಲ್ಲ. ಗೆರೆ ಎಳೆದವರ ಮನೆಗೆ ಒಂದು ರೂಪಾಯಿಯೂ ಹೋಗುವುದಿಲ್ಲ.

ಸಮುದಾಯದ ವಿದ್ಯೆಗೆ ಪಾಲು ಕೊಡುವುದು ಆಗದ ಮಾತು ಎನ್ನುವವರು ನಮ್ಮ ದೇಶದ್ದೇ ಎರಡು ಘಟನೆಗಳನ್ನು ನೆನೆಯಬೇಕು. 1995ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ವೈದ್ಯಕೀಯ ಕೇಂದ್ರ, ಗಾಯಕ್ಕೆ ಅರಿಸಿನ ಹಚ್ಚುವುದರ ಮೇಲೆ ಪೇಟೆಂಟ್ ಪಡೆಯಿತು. ಭಾರತದ ಸಿಎಸ್‌ಐಆರ್ ಸಂಸ್ಥೆ ಹಳೆಯ ಗ್ರಂಥಗಳ ಆಧಾರ ಕೊಟ್ಟು ಹೋರಾಡಿತು, 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಎಲ್ಲರ ಅಡುಗೆಮನೆಯಲ್ಲಿರುವುದು ಯಾರ ಸ್ವತ್ತೂ ಅಲ್ಲ, ಆದ್ದರಿಂದ ನಮ್ಮದು ಎಂಬ ವಾದವನ್ನು ನಾವು ಅಂದು ಒಪ್ಪಲಿಲ್ಲ. ಎರಡನೆಯದು ಕೇರಳದ್ದು. ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನವರು ದಣಿವಾರಿಸಿಕೊಳ್ಳಲು ತಿನ್ನುತ್ತಿದ್ದ ‘ಆರೋಗ್ಯಪಚ್ಚ’ ಗಿಡದಿಂದ ತಿರುವನಂತಪುರದ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ‘ಜೀವನಿ’ ಎಂಬ ಔಷಧಿ ತಯಾರಿಸಿತು. ಅದನ್ನು ಔಷಧ ಕಂಪನಿಗೆ ಕೊಟ್ಟಾಗ ಬಂದ ಶುಲ್ಕ ಮತ್ತು ರಾಯಧನದಲ್ಲಿ ಅರ್ಧವನ್ನು ಕಾಣಿ ಸಮುದಾಯಕ್ಕೆ ಮೀಸಲಿಟ್ಟರು, ಅದಕ್ಕಾಗಿ ಒಂದು ಟ್ರಸ್ಟ್ ರಚನೆಯಾಯಿತು. ಆ ಏರ್ಪಾಟಿನಲ್ಲಿ ಜಗಳಗಳೂ ಕೊರತೆಗಳೂ ಇದ್ದವು. ಆದರೆ ಗಿಡ ತೋರಿಸಿದವರಿಗೆ ಪಾಲುಂಟು ಎಂಬ ತತ್ವ ನಿಂತಿತು. 2002ರ ಜೀವವೈವಿಧ್ಯ ಕಾಯಿದೆ ಅದನ್ನು ದೇಶದ ಕಾನೂನಾಗಿಸಿತು. ಬೇರು, ಎಲೆಗಳ ವಿದ್ಯೆಗೆ ಒಪ್ಪಿದ ನ್ಯಾಯ ಗೆರೆ, ಬಣ್ಣಗಳ ವಿದ್ಯೆಗೆ ಏಕೆ ಒಪ್ಪಬಾರದು?

ಕೇಂದ್ರ ಸರ್ಕಾರ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿದೆ. ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ (ಡಿಪಿಐಐಟಿ) ಸಮಿತಿ 2025ರ ಡಿಸೆಂಬರ್‌ನಲ್ಲಿ ಹೊರತಂದ ಕಾರ್ಯಪತ್ರ, ಎಐ ಕಂಪನಿಗಳು ಕೃತಿಗಳನ್ನು ಬಿಟ್ಟಿಯಾಗಿ ಬಳಸಲು ವಿನಾಯಿತಿ ಕೊಡುವುದನ್ನು ತಳ್ಳಿಹಾಕಿತು. ಕಡ್ಡಾಯ ಪರವಾನಗಿಯ ಮೂಲಕ ಬಳಸಲಿ, ಗಳಿಕೆಯಲ್ಲಿ ರಾಯಧನ ಕೊಡಲಿ, ಅದನ್ನು ಒಂದು ಕೇಂದ್ರ ಸಂಸ್ಥೆ ಸಂಗ್ರಹಿಸಿ ಸೃಷ್ಟಿಸಿದವರಿಗೆ ಹಂಚಲಿ ಎಂಬುದು ಅದರ ಸಲಹೆ. ಪಾಲಿನ ತತ್ವವನ್ನು ಇಷ್ಟು ಸ್ಪಷ್ಟವಾಗಿ ಒಪ್ಪಿದ್ದಕ್ಕೆ ಅದು ಮೆಚ್ಚುಗೆಗೆ ಅರ್ಹ. ಇಂಥದ್ದು ಸಾಧ್ಯವೆಂದು ಸಿನಿಮಾ ಹಾಡುಗಳು ಈಗಾಗಲೇ ತೋರಿಸಿವೆ: ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ರಾಯಧನದ ಪಾಲು ತಪ್ಪದಂತೆ 2012ರ ಹಕ್ಕುಸ್ವಾಮ್ಯ ತಿದ್ದುಪಡಿ ನೋಡಿಕೊಂಡಿತು, ಉದ್ಯಮ ಮುಳುಗಲಿಲ್ಲ. ಆದರೆ ಕಾರ್ಯಪತ್ರ ಋಣದ ಮೂರು ಭಾಗಗಳಲ್ಲಿ ಒಂದನ್ನು ಮಾತ್ರ ತೀರಿಸುತ್ತದೆ. ಬೇಡ ಎನ್ನುವ ಹಕ್ಕನ್ನು ಅದು ಕಲಾವಿದರಿಗೆ ಬಿಟ್ಟಿಲ್ಲ. ಎಷ್ಟು ಹಣ ಕೊಟ್ಟರೂ ತಮ್ಮ ಚಿತ್ರವನ್ನು ಯಂತ್ರಕ್ಕೆ ಕೊಡುವುದಿಲ್ಲ ಎನ್ನುವವರ ಮಾತಿಗೆ ಅಲ್ಲಿ ಬೆಲೆಯಿಲ್ಲ. ಚಿತ್ತಾರ ಬರೆಯುವ ಹೆಂಗಸರ ಪರವಾಗಿ ಅರ್ಜಿ ಹಿಡಿದು ಆ ಕೇಂದ್ರ ಸಂಸ್ಥೆಯ ಬಾಗಿಲಿಗೆ ಯಾರು ಹೋಗುತ್ತಾರೆ ಎಂಬ ಪ್ರಶ್ನೆಯೂ ಹಾಗೇ ಉಳಿದಿದೆ.

ಇಷ್ಟೆಲ್ಲ ಕೇಳಿದರೆ ತಂತ್ರಜ್ಞಾನ ದೇಶ ಬಿಟ್ಟು ಓಡುತ್ತದೆ, ಕೋಟ್ಯಂತರ ಚಿತ್ರಗಳಿಗೆ ಲೆಕ್ಕ ಹಚ್ಚಲಾಗದು ಎಂಬುದು ಕೊನೆಯ ಆಕ್ಷೇಪ. ನಡೆದಿರುವುದು ಬೇರೆಯೇ ಹೇಳುತ್ತದೆ. ಅಡೋಬಿ ಕಂಪನಿ 2023ರಲ್ಲಿ ತಂದ ‘ಫೈರ್‌ಫ್ಲೈ’ಯನ್ನು ತನ್ನ ಸಂಗ್ರಹದ ಪರವಾನಗಿಯುಳ್ಳ ಚಿತ್ರಗಳಿಂದ ಕಲಿಸಿತು, ಚಿತ್ರ ಕೊಟ್ಟವರಿಗೆ ಹಣವನ್ನೂ ಹಂಚಿತು. ಹಳೆಯ ಕರಾರಿನ ಮೇಲೆ ಹೊಸ ಬಳಕೆ ಹೇರಿದರೆಂಬ ದೂರು ಅಲ್ಲೂ ಇದೆ, ಆದರೂ ಕೇಳಿ ಕಲಿಸಿದ ಯಂತ್ರ ನಡೆಯುವುದಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಆಂಥ್ರೊಪಿಕ್ ಎಂಬ ಎಐ ಕಂಪನಿ ಕಳ್ಳಪ್ರತಿಗಳ ಸಂಗ್ರಹದಿಂದ ಪುಸ್ತಕ ಇಳಿಸಿಕೊಂಡದ್ದಕ್ಕಾಗಿ 2025ರಲ್ಲಿ ಲೇಖಕರಿಗೆ 150 ಕೋಟಿ ಡಾಲರ್ ಕೊಡಲು ಒಪ್ಪಿತು. ಕೊಂಡ ಪುಸ್ತಕದಿಂದ ಕಲಿಸುವುದು ತಪ್ಪಲ್ಲ ಎಂದೇ ಆ ಮೊಕದ್ದಮೆಯ ನ್ಯಾಯಾಧೀಶರು ಹೇಳಿದ್ದರು. ಆದರೂ ಲೆಕ್ಕ ಸುಮಾರು 5 ಲಕ್ಷ ಪುಸ್ತಕಗಳವರೆಗೆ, ಪುಸ್ತಕಕ್ಕೆ ಸುಮಾರು 3,000 ಡಾಲರಿನಂತೆ ನಡೆಯಿತು. ಕೋಟಿಗಟ್ಟಲೆ ಚಿತ್ರಗಳನ್ನು ಹೆಕ್ಕಿ, ಸೋಸಿ, ಜೋಡಿಸಲು ಬಲ್ಲ ಕಂಪ್ಯೂಟರುಗಳು ಅವುಗಳ ಲೆಕ್ಕ ಇಡಲು ಮಾತ್ರ ಅಸಮರ್ಥ ಎನ್ನುವುದನ್ನು ಹೇಗೆ ನಂಬುವುದು?

ಕಾನೂನು ಬರುವವರೆಗೆ ಕಾಯದೆ ನಾವೇ ಮಾಡಬಹುದಾದ ಕೆಲಸವೂ ಇದೆ. ಸರ್ಕಾರಿ ಜಾಹೀರಾತು, ಪಠ್ಯಪುಸ್ತಕ, ಅಕಾಡೆಮಿಗಳ ಪ್ರಕಟಣೆಗಳಿಗೆ ಕಲಾವಿದರಿಂದಲೇ ಚಿತ್ರ ಬರೆಸಬೇಕು; ಯಂತ್ರ ಬಳಸಲೇಬೇಕಾದಲ್ಲಿ ಕೇಳಿ ಕಲಿಸಿದ ಯಂತ್ರವನ್ನೇ ಬಳಸಿ ಹಾಗೆಂದು ಅಚ್ಚು ಹಾಕಬೇಕು. ಕರ್ನಾಟಕ ಲಲಿತಕಲಾ ಅಕಾಡೆಮಿ ಮತ್ತು ಜಾನಪದ ಅಕಾಡೆಮಿ ಸೇರಿ, ಚಿತ್ತಾರದಂಥ ಕಲೆಗಳ ಸಮುದಾಯಗಳ ಪರವಾಗಿ ಕೇಳುವ, ಒಪ್ಪುವ, ಬೇಡವೆನ್ನುವ ಅಧಿಕಾರವುಳ್ಳ ಟ್ರಸ್ಟ್‌ಗಳನ್ನು ಆ ಸಮುದಾಯದವರನ್ನೇ ಕೂರಿಸಿ ರಚಿಸಲಿ. ಕಾಣಿ ಜನರ ಟ್ರಸ್ಟ್ ಅದಕ್ಕೆ ಮಾದರಿ. ಪ್ರಕಾಶಕರು, ಪತ್ರಿಕೆಗಳು ಮುಖಪುಟದ ಚಿತ್ರಕಾರರ ಹೆಸರನ್ನು ಕಣ್ಣಿಗೆ ಕಾಣುವಂತೆ ಹಾಕಲಿ. ಮನೆಯ ಮದುವೆಗೆ ಹತ್ತಾರು ಸಾವಿರ ಹೂವಿಗೆ ಸುರಿಯುವ ನಾವು ಆಮಂತ್ರಣದ ಚಿತ್ರಕ್ಕೆ ಊರಿನ ಕಲಾವಿದರನ್ನು ಕರೆಯುವುದು ದೊಡ್ಡ ಹೊರೆಯೇನಲ್ಲ. ಯಂತ್ರ ಇರಲಿ, ಇನ್ನೂ ಚೆನ್ನಾಗಿ ಬರೆಯುವುದನ್ನು ಕಲಿಯಲಿ. ಆದರೆ ನಾಲ್ಕು ಸೆಕೆಂಡಿನ ದೃಶ್ಯಕ್ಕೆ ಹದಿನೈದು ತಿಂಗಳು ಕೊಟ್ಟ ಕೈ, ಮದುವೆಯ ಗೋಡೆಯ ಮುಂದೆ ಉಸಿರು ಹಿಡಿದು ಕುಳಿತ ಕೈ, ಎರಡೂ ಈ ಯಂತ್ರದ ಗುರುಗಳೇ. ಗುರುಗಳ ಅಪ್ಪಣೆ ಕೇಳಲಿ, ಹೆಸರು ಹೇಳಲಿ, ಪಾಲು ಸಲ್ಲಿಸಲಿ. ಅದಾದ ಮೇಲೆ ಅದು ಬರೆದ ಚಿತ್ರವನ್ನು ನಾವೂ ನಿಶ್ಚಿಂತೆಯಿಂದ ಗೋಡೆಗೆ ಹಾಕಿಕೊಳ್ಳಬಹುದು.